ಹೊರಗಿನವರ ಗುದ್ದಲಿ, ಊರವರ ಗುಂಡಿ

ಪರದೇಶದವರು ನಮ್ಮ ಸೀಮೆಗೆ ಬರುವುದು ಸಾಮಾನ್ಯವಾಗಿ ಎರಡು ಕಾರಣಕ್ಕೆ. ಒಂದು, ಹಂಪಿಯ ಕಲ್ಲು ನೋಡಲಿಕ್ಕೆ. ಇನ್ನೊಂದು, ಸಂಡೂರಿನ ಅದಿರಿನ ವ್ಯಾಪಾರ ಕುದುರಿಸಲಿಕ್ಕೆ. ಕಲ್ಲು ನೋಡುವವರು ಹೊಸಪೇಟೆಯಲ್ಲಿ ಇಳಿದು ಹೊಸಪೇಟೆಯಲ್ಲೇ ಮತ್ತೆ ರೈಲು ಹತ್ತುತ್ತಾರೆ. ಕೊಟ್ಟೂರಿನ ತೇರು, ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯ, ಹಡಗಲಿಯ ಮಲ್ಲಿಗೆ, ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗ, ಕೂಡ್ಲಿಗಿಯ ಬಂಡೆಗಲ್ಲಿನ ಗುಡ್ಡಗಳು ಅವರ ನಕಾಶೆಯಲ್ಲಿ ಇರುವುದಿಲ್ಲ. 2021ರ ಅಕ್ಟೋಬರ್ 2ರಂದು ವಿಜಯನಗರ ಜಿಲ್ಲೆ ಉದ್ಘಾಟನೆಯಾದಾಗ ಈ ಐದೂ ತಾಲೂಕುಗಳು ಹೊಸಪೇಟೆಯ ಜೊತೆ ಒಂದೇ ಜಿಲ್ಲೆಗೆ ಸೇರಿದವು. ಜಿಲ್ಲೆ ಹೊಸದಾದರೂ ಬೆಳಗಿನ ಜಾವದ ಅವಸರ ಮಾತ್ರ ಹಳೆಯದೇ.

ಯಾವ ಅವಸರ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೋಳಿ ಕೂಗುವ ಮೊದಲೇ ತಂಬಿಗೆ ಹಿಡಿದು ಊರ ಹೊರಗಿನ ಜಾಲಿಗಿಡಗಳ ಕಡೆ ನಡೆಯುವ ಹೆಂಗಸರು, ಬಸ್ಸಿನ ದೀಪ ಕಂಡೊಡನೆ ಎದ್ದು ನಿಂತು ಮುಖ ತಿರುಗಿಸುವುದನ್ನು ಈ ರಸ್ತೆಗಳಲ್ಲಿ ರಾತ್ರಿ ಬಸ್ಸು ಹತ್ತಿದವರೆಲ್ಲ ಕಂಡಿದ್ದಾರೆ. ಕರಡಿಧಾಮವಿರುವ ಗುಡೇಕೋಟೆ ಕಡೆಯವರಿಗೆ ಇದರ ಜೊತೆಗೆ ಕರಡಿಯ ಭಯ ಬೇರೆ. ಕತ್ತಲಾಗುವವರೆಗೆ ತಡೆದುಕೊಳ್ಳಬೇಕಲ್ಲ ಎಂದು ಹಗಲೆಲ್ಲ ನೀರು ಕುಡಿಯುವುದನ್ನೇ ಕಡಿಮೆ ಮಾಡುವ ಬಸುರಿಯರು, ಊರಿಗೆ ನೆಂಟಸ್ತಿಕೆ ಬೆಳೆಸಲು ಹಿಂದೆಮುಂದೆ ನೋಡುವ ಪಟ್ಟಣದ ಬೀಗರು, ಇವೆಲ್ಲ ನಮಗೆ ಗೊತ್ತಿರುವ ಸಂಗತಿಗಳೇ. ಮೊದಲಿಗಿಂತ ಈಗ ಬಹಳ ಕಡಿಮೆಯಾಗಿದೆ. ಆದರೆ ನಿಂತಿಲ್ಲ.

ಇದಕ್ಕೆಂದೇ, ಅಂದರೆ ಬಡವರ ಊರಿನಲ್ಲಿ ಪಾಯಿಖಾನೆ ಕಟ್ಟಿಕೊಡಲಿಕ್ಕೆಂದೇ, ಸ್ವಂತ ಊರು ಬಿಟ್ಟು ವಿಮಾನ ಹತ್ತುವ ಮೂರನೆಯ ಬಗೆಯ ಪರದೇಶಿಗಳೂ ಜಗತ್ತಿನಲ್ಲಿದ್ದಾರೆ. ಅವರ ವಿಷಯ ಸ್ವಲ್ಪ ಮಾತಾಡೋಣ. ಏಕೆಂದರೆ ನಮ್ಮ ಐದು ತಾಲೂಕುಗಳಂಥ ಊರುಗಳೇ ಅವರ ಗುರಿ.

ಈ ಸಂಪ್ರದಾಯಕ್ಕೆ ನೂರು ವರ್ಷ ದಾಟಿದೆ. ಸ್ವಿಟ್ಜರ್‌ಲ್ಯಾಂಡಿನ ಪಿಯರ್ ಸೆರೆಸೋಲ್ ಎಂಬ ಎಂಜಿನಿಯರು 1920ರಲ್ಲಿ, ಮೊದಲ ಮಹಾಯುದ್ಧದಲ್ಲಿ ನೆಲಸಮವಾಗಿದ್ದ ಫ್ರಾನ್ಸಿನ ವೆರ್ದೂನ್ ಬಳಿಯ ಹಳ್ಳಿಯೊಂದಕ್ಕೆ ಬೇರೆ ಬೇರೆ ದೇಶದ ಕೆಲವರನ್ನು ಕರೆದುಕೊಂಡು ಹೋಗಿ ಮನೆ ಕಟ್ಟುವ ಕೆಲಸಕ್ಕೆ ನಿಂತ. ನಿನ್ನೆ ಕೋವಿ ಹಿಡಿದು ಎದುರುಬದುರು ನಿಂತ ದೇಶಗಳವರು ಇಂದು ಒಟ್ಟಿಗೆ ಸಲಿಕೆ ಹಿಡಿಯಲಿ ಎಂಬುದು ಅವನ ಆಸೆ. 1934ರ ಜನವರಿಯಲ್ಲಿ ಬಿಹಾರದಲ್ಲಿ ಭೂಕಂಪವಾದಾಗ ಅದೇ ಸೆರೆಸೋಲ್ ಕೆಲವು ಗೆಳೆಯರೊಡನೆ ಭಾರತಕ್ಕೂ ಬಂದು ಮುಜಫರಪುರದ ಕಡೆ ಹಳ್ಳಿ ಕಟ್ಟುವ ಕೆಲಸ ಮಾಡಿದ. ಆಮೇಲೆ 1961ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ‘ಪೀಸ್ ಕೋರ್’ ಆರಂಭಿಸಿದರು. ಆ ವರ್ಷದಿಂದ 1976ರವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಅಮೆರಿಕನ್ ತರುಣ ತರುಣಿಯರು ನಮ್ಮ ದೇಶದ ಹಳ್ಳಿಗಳಲ್ಲಿ ಇದ್ದು ಹೋದರು. ಕೋಳಿ ಸಾಕಣೆ ಕಲಿಸಿದವರು, ಬಾವಿ ತೋಡಿಸಿದವರು, ಇಂಗ್ಲಿಷ್ ಹೇಳಿಕೊಟ್ಟವರು, ಎಲ್ಲ ತರದವರೂ ಅವರಲ್ಲಿದ್ದರು.

ಪಾಯಿಖಾನೆಯ ವಿಷಯಕ್ಕೇ ಬಂದರೆ ನಮ್ಮ ರಾಜ್ಯದ ಉದಾಹರಣೆ ಹೆಗ್ಗಡದೇವನಕೋಟೆಯ ಕಡೆಯದು. ಬ್ರಿಟನ್ನಿನ ರಾಲೀ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆ ಮೈಸೂರಿನಲ್ಲಿ ನೆಲೆ ಮಾಡಿಕೊಂಡು, ಮೈರಾಡದಂಥ ಇಲ್ಲಿನ ಸಂಸ್ಥೆಗಳ ಜೊತೆಗೂಡಿ, ಆ ಭಾಗದ ಹಳ್ಳಿಗಳಲ್ಲಿ ಹುಡುಗ ಹುಡುಗಿಯರಿಂದ ಶೌಚಾಲಯ ಕಟ್ಟಿಸಿತು. ಮೈರಾಡ ಯಾವುದೆಂದು ಹಳಬರಿಗೆ ಗೊತ್ತು. ಟಿಬೆಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸಲು 1968ರಲ್ಲಿ ಹುಟ್ಟಿ, ಮುಂದೆ ಹಳ್ಳಿಯ ಹೆಂಗಸರ ಸ್ವಸಹಾಯ ಸಂಘಗಳಿಗೆ ಹೆಸರಾದ ಸಂಸ್ಥೆ ಅದು. ಬ್ರಿಟನ್ ಸರ್ಕಾರವೇ 2011ರಲ್ಲಿ ಇಂಥ ಸೇವೆಗೆಂದು ಯೋಜನೆಯೊಂದನ್ನು ತಂದು, 18ರಿಂದ 25 ವರ್ಷದವರನ್ನು ಎರಡೂವರೆ ಮೂರು ತಿಂಗಳ ಮಟ್ಟಿಗೆ ಬಡ ದೇಶಗಳಿಗೆ ಕಳಿಸುತ್ತಿತ್ತು. ಅದರಲ್ಲಿ ಒಂದು ಒಳ್ಳೆಯ ನಿಯಮವಿತ್ತು: ತಂಡದಲ್ಲಿ ಅಲ್ಲಿನವರಷ್ಟೇ ಇಲ್ಲಿನ ಯುವಕರೂ ಇರಬೇಕು. ಈ ನಿಯಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ರಾಲೀ ಸಂಸ್ಥೆ ಹಣದ ಮುಗ್ಗಟ್ಟಿಗೆ ಸಿಕ್ಕಿ 2022ರ ಮೇ ತಿಂಗಳಲ್ಲಿ ಬಾಗಿಲು ಹಾಕಿತು. ಸಂಸ್ಥೆ ಹೋದರೂ ಪ್ರಶ್ನೆ ಹಾಗೇ ಉಳಿದಿದೆ. ನಾಳೆ ಇನ್ನೊಂದು ತಂಡ ಹರಪನಹಳ್ಳಿಯ ತಾಂಡಾ ಒಂದಕ್ಕೆ ಬಂದು “ನಿಮ್ಮೂರಲ್ಲಿ ಇಪ್ಪತ್ತು ಶೌಚಾಲಯ ಕಟ್ಟಿಕೊಡುತ್ತೇವೆ” ಎಂದರೆ ಊರವರು ಏನನ್ನಬೇಕು?

ಮೊದಲು ಲೆಕ್ಕ ನೋಡೋಣ. ಲಂಡನ್ನಿನಿಂದ ಬೆಂಗಳೂರಿಗೆ ಹೋಗಿಬರುವ ವಿಮಾನದ ಖರ್ಚು ಎಷ್ಟು ಕಡಿಮೆ ಹಿಡಿದರೂ ಐವತ್ತು ಸಾವಿರ ರೂಪಾಯಿ. ಸ್ವಚ್ಛ ಭಾರತ ಯೋಜನೆಯಲ್ಲಿ ಹಳ್ಳಿಯ ಒಂದು ಕುಟುಂಬಕ್ಕೆ ಶೌಚಾಲಯಕ್ಕೆಂದು ಗೊತ್ತು ಮಾಡಿದ ಪ್ರೋತ್ಸಾಹಧನ 12 ಸಾವಿರ. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಅದನ್ನು 15 ಸಾವಿರಕ್ಕೆ ಏರಿಸಿದರು. ಅಂದರೆ ಒಬ್ಬ ಸ್ವಯಂಸೇವಕನ ವಿಮಾನದ ದುಡ್ಡಿನಲ್ಲಿ ಮೂರು ನಾಲ್ಕು ಮನೆಗಳ ಪ್ರೋತ್ಸಾಹಧನ ಹುಟ್ಟುತ್ತದೆ.

ಇನ್ನು ಕೆಲಸದ ಗುಣ. ಅಮೆರಿಕದ ಪಿಪ್ಪಾ ಬಿಡಲ್ ಎಂಬಾಕೆ 2014ರಲ್ಲಿ ಬರೆದ ಲೇಖನವೊಂದು ಜಗತ್ತಿನಾದ್ಯಂತ ಓದಿಸಿಕೊಂಡಿತು. ಶಾಲೆಯ ದಿನಗಳಲ್ಲಿ ಆಕೆ ಮತ್ತು ಗೆಳತಿಯರು ಆಫ್ರಿಕಾದ ಟಾಂಜಾನಿಯಾಕ್ಕೆ ಹೋಗಿ ಅನಾಥಾಶ್ರಮವೊಂದರಲ್ಲಿ ಗ್ರಂಥಾಲಯದ ಗೋಡೆ ಕಟ್ಟುತ್ತಿದ್ದರಂತೆ. ಇವರು ಹಗಲು ಕಟ್ಟಿದ ಸೊಟ್ಟ ಗೋಡೆಯನ್ನು ಅಲ್ಲಿನ ಗಂಡಸರು ರಾತ್ರಿ ಬಿಚ್ಚಿ, ನೆಟ್ಟಗೆ ಕಟ್ಟಿ, ಬೆಳಿಗ್ಗೆ ಏನೂ ಆಗದವರಂತೆ ಇರುತ್ತಿದ್ದರಂತೆ. ಮಕ್ಕಳ ಮನಸ್ಸು ನೋಯಬಾರದಲ್ಲ! ಅತಿಥಿ ಸತ್ಕಾರದಲ್ಲಿ ಟಾಂಜಾನಿಯಾದವರು ನಮ್ಮವರಿಗಿಂತ ಕಡಿಮೆಯೇನಲ್ಲ ಎಂದಾಯಿತು.

ನಮ್ಮಲ್ಲಿ ಗುದ್ದಲಿ ಹಿಡಿಯುವ ಕೈಗಳಿಗೆ ಬರ ಇದೆಯೇ? ನೀವೇ ಹೇಳಿ. ಮಳೆ ಕೈಕೊಟ್ಟ ವರ್ಷ ಹರಪನಹಳ್ಳಿ, ಕೂಡ್ಲಿಗಿ, ಹಡಗಲಿಯ ಊರುಗಳಿಂದ ಬಸ್ಸುಗಟ್ಟಲೆ ಜನ ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಮಂಡ್ಯದ ಕಬ್ಬಿನ ಗದ್ದೆಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ ಹೋಗುತ್ತಾರೆ. ಬೆಂಗಳೂರಿನ ಎಷ್ಟೋ ಬಹುಮಹಡಿ ಮನೆಗಳ ಪಾಯದಲ್ಲಿ ನಮ್ಮ ಕಡೆಯವರ ಬೆವರಿದೆ. ಒಂದು ಫ್ಲ್ಯಾಟಿಗೆ ಮೂರು ಮೂರು ಬಾತ್‌ರೂಮು ಕಟ್ಟಿಕೊಟ್ಟು ಬಂದ ಗೌಂಡಿ ತನ್ನ ಊರಿಗೆ ಬಂದಾಗ ತಂಬಿಗೆ ಹಿಡಿದು ಬಯಲಿಗೆ ನಡೆಯುತ್ತಾನೆ. ಅವನಿಗೆ ಕಟ್ಟಲು ಬರುವುದಿಲ್ಲವೆಂದು ಯಾರಾದರೂ ಹೇಳಿಯಾರೇ?

ಹಾಗಾದರೆ ಕೊರತೆ ಇರುವುದು ಎಲ್ಲಿ?

2011ರ ಜನಗಣತಿಯ ಪ್ರಕಾರ ಕರ್ನಾಟಕದ ಹಳ್ಳಿಗಳಲ್ಲಿ ನೂರಕ್ಕೆ 28 ಮನೆಗಳಲ್ಲಿ ಮಾತ್ರ ಶೌಚಾಲಯವಿತ್ತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನ ಶುರುವಾಯಿತು. ಸರಿಯಾಗಿ ಐದು ವರ್ಷಕ್ಕೆ, 2019ರ ಅಕ್ಟೋಬರ್ 2ರಂದು, ದೇಶದ ಹಳ್ಳಿಗಳೆಲ್ಲ ಬಯಲು ಬಹಿರ್ದೆಸೆ ಮುಕ್ತವೆಂದು ಘೋಷಣೆಯಾಯಿತು. ಕೋಟಿಗಟ್ಟಲೆ ಶೌಚಾಲಯ ಎದ್ದದ್ದು ನಿಜ. ಅದು ಸಣ್ಣ ಸಾಧನೆಯಲ್ಲ. ಆದರೆ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ನೂರು ಮನೆಗಳಲ್ಲಿ 19 ಮನೆಯವರು ಇನ್ನೂ ಬಯಲಿಗೇ ಹೋಗುತ್ತಿದ್ದರು. ಅದಕ್ಕೂ ಮೊದಲು, 2014ರಲ್ಲಿ, ಉತ್ತರ ಭಾರತದ ಐದು ರಾಜ್ಯಗಳಲ್ಲಿ ನಡೆಸಿದ ಅಧ್ಯಯನವೊಂದು ಇನ್ನೂ ಕುತೂಹಲದ ಸಂಗತಿ ಹೇಳಿತ್ತು: ಚೆನ್ನಾಗಿರುವ ಶೌಚಾಲಯ ಇರುವ ಮನೆಗಳಲ್ಲೇ ನೂರಕ್ಕೆ ನಲವತ್ತಕ್ಕೂ ಹೆಚ್ಚು ಕಡೆ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರು. ಕಟ್ಟುವುದು ಬೇರೆ, ಬಳಸುವುದು ಬೇರೆ ಎಂದಾಯಿತು. ಕಟ್ಟಿದ್ದರಲ್ಲಿ ಸೌದೆ ಪೇರಿಸಿ, ಕುರಿಮರಿ ಕೂಡಿ ಹಾಕುವುದನ್ನು ನೋಡಲು ಉತ್ತರ ಭಾರತಕ್ಕೆ ಹೋಗಬೇಕಾಗಿಯೂ ಇಲ್ಲ.

ಕಾರಣ ಕೇಳಿದರೆ ಮೊದಲು ಬರುವ ಉತ್ತರ ನೀರು. ನಿಜವೇ. ಎರಡು ಕಿಲೋಮೀಟರ್ ದೂರದಿಂದ ಕೊಡ ಹೊತ್ತು ತರುವ ಹೆಂಗಸು ಅದರಲ್ಲಿ ಅರ್ಧ ಕೊಡ ಸಂಡಾಸಿಗೆ ಸುರಿಯಲು ಒಪ್ಪುವುದಿಲ್ಲ. ಆದರೆ ಹಳ್ಳಿಗೆಂದೇ ಇಳಿಜಾರು ಹೆಚ್ಚು ಇರುವ ಬೇಸಿನ್ ಇದೆ. ಅದಕ್ಕೆ ಒಂದೂವರೆ ಎರಡು ಲೀಟರು ನೀರು, ಅಂದರೆ ಬಯಲಿಗೆ ಒಯ್ಯುವ ತಂಬಿಗೆಯ ಜೊತೆ ಇನ್ನೊಂದು ತಂಬಿಗೆ ಸಾಕು. ಪೇಟೆಯ ಅಂಗಡಿಯಿಂದ ಅಂದಕ್ಕೆಂದು ಬೇರೆ ಬೇಸಿನ್ ತಂದು ಕೂರಿಸಿದರೆ ಪ್ರತಿಸಲ ಬಕೆಟ್ಟು ಬಗ್ಗಿಸಬೇಕಾಗುತ್ತದೆ. ಬೇಸಿಗೆ ಬಂದೊಡನೆ ಬಾಗಿಲಿಗೆ ಬೀಗ ಬೀಳುತ್ತದೆ.

ಎರಡನೆಯ ಉತ್ತರವನ್ನು ಜನ ಅಷ್ಟು ಸುಲಭವಾಗಿ ಬಾಯಿಬಿಟ್ಟು ಹೇಳುವುದಿಲ್ಲ. ಅದು ಗುಂಡಿಯ ವಿಷಯ. “ಗುಂಡಿ ತುಂಬಿದ ಮ್ಯಾಲೆ ಏನ್ ಮಾಡೋದು? ಯಾರು ತಗೀತಾರ?” ಈ ಭಯಕ್ಕೆ ಅನುಕೂಲ ಇದ್ದವರು ಹತ್ತು ಅಡಿ ಆಳದ ದೊಡ್ಡ ಗುಂಡಿ ತೋಡಿಸುತ್ತಾರೆ, ಅಥವಾ ಸೆಪ್ಟಿಕ್ ಟ್ಯಾಂಕ್ ಕಟ್ಟಿಸುತ್ತಾರೆ. ತಮ್ಮ ಕಾಲದಲ್ಲಿ ತುಂಬದಿದ್ದರೆ ಸಾಕು, ಮುಂದಿನದು ಮಕ್ಕಳ ಪಾಡು. ಅನುಕೂಲ ಇಲ್ಲದವರು ಸಣ್ಣ ಗುಂಡಿ ಬೇಗ ತುಂಬೀತೆಂದು ಮುದುಕರಿಗೆ, ಬಾಣಂತಿಯರಿಗೆ ಮಾತ್ರ ಅದನ್ನು ಮೀಸಲಿಟ್ಟು ಉಳಿದವರೆಲ್ಲ ಬಯಲಿಗೆ ಹೋಗುತ್ತಾರೆ.

ಈ ಭಯಕ್ಕೆ ಮದ್ದು ಯಾವಾಗಲೋ ಸಿಕ್ಕಿದೆ. ಅದೇ ಎರಡು ಗುಂಡಿಯ ಪಾಯಿಖಾನೆ. ಸುಲಭ್ ಸಂಸ್ಥೆ ಹುಟ್ಟುಹಾಕಿದ ಬಿಂದೇಶ್ವರ ಪಾಠಕ್ 1970ರಿಂದ 2023ರಲ್ಲಿ ತೀರಿಕೊಳ್ಳುವವರೆಗೂ ಊರೂರಿಗೆ ಹೇಳಿದ್ದು ಇದನ್ನೇ. ಸುಮಾರು ಒಂದು ಮೀಟರು ಅಗಲದ ಎರಡು ಗುಂಡಿ, ನಡುವೆ ಕನಿಷ್ಠ ಒಂದು ಮೀಟರು ಅಂತರ. ಗೋಡೆಯ ಇಟ್ಟಿಗೆಗಳ ನಡುವೆ ಜೇನುಗೂಡಿನಂತೆ ಕಿಂಡಿ ಬಿಟ್ಟಿರಬೇಕು, ತಳಕ್ಕೆ ಗಿಲಾವು ಮಾಡಬಾರದು. ನೀರು, ಗಾಳಿ ಎರಡನ್ನೂ ಮಣ್ಣೇ ಹೀರಿಕೊಳ್ಳುತ್ತದೆ. ಆದ್ದರಿಂದ ಗಾಳಿಕೊಳವೆಯೂ ಬೇಡ. ಬೇಸಿನ್ನಿನಿಂದ ಬರುವ ಕೊಳವೆ ಸಣ್ಣ ತೊಟ್ಟಿಯೊಂದರಲ್ಲಿ ಕವಲೊಡೆಯುತ್ತದೆ. ಒಂದು ಕವಲಿಗೆ ಇಟ್ಟಿಗೆ ಅಡ್ಡ ಇಟ್ಟು ಒಂದೇ ಗುಂಡಿ ಬಳಸಬೇಕು. ಕೆಲವು ವರ್ಷಕ್ಕೆ ಅದು ತುಂಬಿದಾಗ ಇಟ್ಟಿಗೆಯನ್ನು ಆ ಕಡೆಗೆ ಇಟ್ಟು ಇನ್ನೊಂದು ಗುಂಡಿ ಶುರು ಮಾಡಬೇಕು. ಮುಚ್ಚಿದ ಗುಂಡಿಯನ್ನು ಎರಡು ವರ್ಷ ಹಾಗೇ ಬಿಟ್ಟರೆ ಒಳಗಿರುವುದು ವಾಸನೆಯಿಲ್ಲದ ಪುಡಿಗೊಬ್ಬರ. ತಿಪ್ಪೆಗೊಬ್ಬರ ಎತ್ತುವವರು ಇದನ್ನೂ ಎತ್ತಬಹುದು.

ನೆಲ ನೋಡಿ ಕಟ್ಟಬೇಕು ಎಂಬುದೂ ಇಲ್ಲಿ ಮುಖ್ಯ. ಕೂಡ್ಲಿಗಿಯ ಮಸಾರಿ ನೆಲ ನೀರನ್ನು ಬೇಗ ಕುಡಿಯುತ್ತದೆ, ಆದರೆ ಎರಡು ಮೂರು ಅಡಿಗೆ ಬಂಡೆ ತಾಗಿದರೆ ಗುಂಡಿಯನ್ನು ನೆಲಕ್ಕಿಂತ ಎತ್ತರಿಸಿ ಸುತ್ತ ಮಣ್ಣು ಏರಿಸಬೇಕಾಗುತ್ತದೆ. ಎರೆ ನೆಲ ನೀರನ್ನು ನಿಧಾನವಾಗಿ ಕುಡಿಯುತ್ತದೆ, ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅಲ್ಲಿ ಗುಂಡಿ ದೊಡ್ಡದಿರಬೇಕು, ಸುತ್ತ ಮರಳು ತುಂಬಬೇಕು. ಇದು ಲಂಡನ್ನಿನಿಂದ ಬಂದ ಹುಡುಗನಿಗೆ ಗೊತ್ತಿರುವುದಿಲ್ಲ. ಹೊಲ ಉತ್ತವನಿಗೆ ಗೊತ್ತು.

ಗೊತ್ತಿದ್ದೂ ಗುಂಡಿಯ ಭಯ ಯಾಕೆ ಹೋಗುವುದಿಲ್ಲ? ಗೊಬ್ಬರವೇ ಆದರೂ ಅದನ್ನು ಮುಟ್ಟುವುದು ಒಂದು ಜಾತಿಯ ಕೆಲಸವೆಂದು ನಮ್ಮ ಮನಸ್ಸು ಸಾವಿರ ವರ್ಷದಿಂದ ಬರೆದಿಟ್ಟುಕೊಂಡಿದೆ. ದೇವರಾಜ ಅರಸರ ಕಾಲದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದು 1970ರ ದಶಕ. 1993ರಲ್ಲಿ ಕೇಂದ್ರದ ಕಾಯ್ದೆ ಬಂತು. 2010ರ ಜುಲೈಯಲ್ಲಿ ಹಡಗಲಿಯಿಂದ ತುಂಗಭದ್ರೆ ದಾಟಿದರೆ ಸಿಗುವ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ನಾಡು ಬೆಚ್ಚಿಬಿತ್ತು. 2013ರಲ್ಲಿ ಇನ್ನಷ್ಟು ಬಿಗಿಯಾದ ಕಾಯ್ದೆ ಬಂತು. ಇಷ್ಟೆಲ್ಲ ಆದ ಮೇಲೂ ಊರಿನಲ್ಲಿ ಗುಂಡಿ ತುಂಬಿದರೆ ಜನರ ಕಣ್ಣು ಹೊರಳುವುದು ಯಾವ ಕೇರಿಯ ಕಡೆಗೆ ಎಂದು ನಮಗೆಲ್ಲ ಗೊತ್ತು. ಆ ಕೇರಿಯ ಓದಿದ ಹುಡುಗ ಈಗ ಆ ಕೆಲಸಕ್ಕೆ ಬರುವುದಿಲ್ಲ. ಬರಲೂಬಾರದು. ಅವನು ಬರುವುದಿಲ್ಲ, ನಾವು ಮುಟ್ಟುವುದಿಲ್ಲ ಎಂಬ ಬಿಕ್ಕಟ್ಟಿನಲ್ಲಿ ಶೌಚಾಲಯದ ಬಾಗಿಲು ಮುಚ್ಚಿರುತ್ತದೆ.

ಪರದೇಶದ ಸ್ವಯಂಸೇವಕನ ಶಕ್ತಿಯೂ ಮಿತಿಯೂ ಈ ಜಾಗದಲ್ಲೇ ಇದೆ. ಅವನು ಬಂದು ಕೇರಿಯಲ್ಲಿ ಕೂತು ರೊಟ್ಟಿ ತಿನ್ನುತ್ತಾನೆ. ಪಾಯಿಖಾನೆಯ ಗುಂಡಿಗೆ ಇಳಿದು ಮಣ್ಣು ಎತ್ತುತ್ತಾನೆ. ಊರು ಬೆರಗಾಗಿ ನೋಡುತ್ತದೆ. ಆದರೆ ನೋಡಿದ ಮೇಲೆ ಏನನ್ನುತ್ತದೆ? “ಅವ್ರಿಗೇನು, ಜಾತಿ ಇಲ್ಲ ಪಾತಿ ಇಲ್ಲ. ನಮಗ ಹಂಗ ನಡೀತದೇನು?” ಅನ್ನುತ್ತದೆ. ಅವನಿಗೆ ಆ ಕೆಲಸದಿಂದ ಕಳೆದುಕೊಳ್ಳುವುದು ಏನೂ ಇಲ್ಲ ಎಂದು ಊರಿಗೆ ಗೊತ್ತು. ಮೂರು ತಿಂಗಳಾದ ಮೇಲೆ ಅವನು ತನ್ನ ದೇಶಕ್ಕೆ ಹೋದರೆ ಅವನ ತಂಗಿಯ ಮದುವೆ ಇದರಿಂದ ನಿಲ್ಲುವುದಿಲ್ಲ. ಆದ್ದರಿಂದ ಅವನ ದುಡಿಮೆ ಮೆಚ್ಚುಗೆ ಹುಟ್ಟಿಸುತ್ತದೆ, ರೂಢಿ ಮುರಿಯುವುದಿಲ್ಲ.

ಗಾಂಧೀಜಿಗೆ ಈ ಸೂಕ್ಷ್ಮ ತಿಳಿದಿತ್ತು. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ಪಾಯಿಖಾನೆಗಳ ದುರವಸ್ಥೆ ತೋರಿಸಿದಾಗ ಅಲ್ಲಿನ ಸ್ವಯಂಸೇವಕರು ಅದು ತಮ್ಮ ಕೆಲಸವಲ್ಲ, ಜಾಡಮಾಲಿಯ ಕೆಲಸ ಎಂದರು. ಗಾಂಧಿ ತಾವೇ ಪೊರಕೆ ಹಿಡಿದರು. ಇಪ್ಪತ್ಮೂರು ವರ್ಷಗಳ ನಂತರ, 1924ರ ಡಿಸೆಂಬರಿನಲ್ಲಿ, ಅವರ ಅಧ್ಯಕ್ಷತೆಯಲ್ಲಿ ನಮ್ಮ ಬೆಳಗಾವಿಯಲ್ಲೇ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಲ್ಲಿ ಕಾಕಾ ಕಾಲೇಲ್ಕರ್ ಮುಂದಾಳತ್ವದಲ್ಲಿ ಪಾಯಿಖಾನೆ ಶುಚಿ ಮಾಡಿದ ಸ್ವಯಂಸೇವಕರಲ್ಲಿ ಬ್ರಾಹ್ಮಣ ಯುವಕರೂ ಇದ್ದರು. ಅವರಿಗೆ ಮನೆಗೆ ಹೋದರೆ ಬೈಗುಳ ಕಾದಿತ್ತು. ನೆಂಟರು ಮೂಗು ಮುರಿಯುತ್ತಿದ್ದರು. ಅಷ್ಟನ್ನು ಪಣಕ್ಕಿಟ್ಟು ಪೊರಕೆ ಹಿಡಿದಿದ್ದರಿಂದಲೇ ಆ ಸೇವೆಗೆ ತೂಕ ಬಂತು. ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮ ಇಟ್ಟಿರುವ ಸ್ಮಾರಕವಿದೆ. ವರ್ಷಕ್ಕೆರಡು ಸಲ ಅಲ್ಲಿ ಹೂವಿಡುವವರು ಈ ಬೆಳಗಾವಿಯ ಪೊರಕೆಯನ್ನೂ ಒಮ್ಮೆ ನೆನೆಯಬೇಕು.

ಇತ್ತೀಚಿನ ಉದಾಹರಣೆಯೂ ಇದೆ. 2017ರ ಫೆಬ್ರುವರಿಯಲ್ಲಿ ತೆಲಂಗಾಣದ ವಾರಂಗಲ್ ಬಳಿಯ ಗಂಗದೇವಿಪಲ್ಲಿಯಲ್ಲಿ ಕೇಂದ್ರ ಸರ್ಕಾರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ಮತ್ತು ಹಲವು ರಾಜ್ಯಗಳ ಅಧಿಕಾರಿಗಳು ಶೌಚಾಲಯದ ಗುಂಡಿಗೆ ತಾವೇ ಇಳಿದು ಒಣಗಿದ ಗೊಬ್ಬರವನ್ನು ಕೈಯಾರೆ ಮೇಲೆತ್ತಿದರು. ನೂರು ಭಿತ್ತಿಪತ್ರ ಮಾಡದ ಕೆಲಸವನ್ನು ಆ ಒಂದು ದಿನ ಮಾಡಿತು. ಇಳಿದವರು ದೊಡ್ಡ ಸಾಹೇಬರು ಎಂಬುದೊಂದೇ ಅದಕ್ಕೆ ಕಾರಣವಲ್ಲ. ಅವರು ನಮ್ಮದೇ ಸಮಾಜದವರು, ಈ ನಂಬಿಕೆಗಳ ನಡುವೆಯೇ ಬೆಳೆದವರು.

ಹಾಗೆಂದು ಹೊರಗಿನವರನ್ನು ಬಾಗಿಲಲ್ಲೇ ತಡೆದು ಕಳಿಸಬೇಕೆಂದು ನಾನು ಹೇಳುತ್ತಿಲ್ಲ. ಬಂದವರಲ್ಲಿ ಬಹುಪಾಲು ಒಳ್ಳೆಯ ಮನಸ್ಸಿನ ಮಕ್ಕಳು. ನಮ್ಮ ಮಕ್ಕಳು ಹಿತ್ತಲಿನ ಕಸ ಎತ್ತಲು ಒಪ್ಪದಿರುವಾಗ ಅವರು ಸಮುದ್ರ ದಾಟಿ ಬಂದು ಗುಂಡಿ ತೋಡುತ್ತಾರಲ್ಲ, ಅದಕ್ಕೆ ಕೈಮುಗಿಯಬೇಕು. ಆದರೆ ಕೈಮುಗಿದ ಮೇಲೆ ನಾಲ್ಕು ಪ್ರಶ್ನೆ ಕೇಳಬೇಕು. ಗೋಡೆ ಕಟ್ಟುವ ಕೂಲಿ ನಮ್ಮೂರಿನ ಗೌಂಡಿಗೆ ಸಿಗುತ್ತದೆಯೋ, ಇಲ್ಲವೋ? ಬೇಸಿನ್ ಯಾವುದು, ಗುಂಡಿ ಎಷ್ಟು, ಬೋರ್‌ವೆಲ್ಲಿನಿಂದ ಎಷ್ಟು ದೂರ? ಎಲ್ಲಿ ಕಟ್ಟಬೇಕೆಂದು ಮನೆಯ ಹೆಂಗಸನ್ನು ಕೇಳಿದ್ದೀರೋ, ಗಂಡಸಿನ ಹೆಬ್ಬೆಟ್ಟು ಒತ್ತಿಸಿಕೊಂಡು ಮುಗಿಸಿದ್ದೀರೋ? ಕೊನೆಯದು ಎಲ್ಲಕ್ಕಿಂತ ಮುಖ್ಯ: ಮೊದಲ ಗುಂಡಿ ತುಂಬುವ ಹೊತ್ತಿಗೆ ನಿಮ್ಮವರು ಯಾರಾದರೂ ಮತ್ತೆ ಈ ಕಡೆ ಬರುತ್ತಾರೋ?

ಈ ಕೊನೆಯ ಪ್ರಶ್ನೆಗೆ ಪರದೇಶದವರಿಂದ ಉತ್ತರ ಬರುವುದು ಕಷ್ಟ. ಆಗ ನೆನಪಿಸಿಕೊಳ್ಳಬೇಕಾದದ್ದು ನಾನು ಮೊದಲು ಹೇಳಿದ ಆ ನಿಯಮ, ತಂಡದಲ್ಲಿ ಅರ್ಧ ಇಲ್ಲಿಯವರೇ ಇರಬೇಕು ಎಂಬುದು. ಅವರು ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಕಾಲೇಜುಗಳ ಹುಡುಗ ಹುಡುಗಿಯರಾಗಿರಲಿ. ಅದರಲ್ಲೂ ಎಲ್ಲ ಕೇರಿಗಳವರೂ ಇರಲಿ. ಗುಂಡಿಗೆ ಇಳಿಯುವ ಸರದಿ ಬಂದಾಗ ಊರ ಗೌಡರ ಮೊಮ್ಮಗನಿಗೆ ವಿನಾಯಿತಿ ಸಿಗದಿರಲಿ. 1969ರಿಂದ ರಾಷ್ಟ್ರೀಯ ಸೇವಾ ಯೋಜನೆ ಇದೆ. ಕಾಲೇಜಿನ ಮಕ್ಕಳು ಏಳು ದಿನ ಹಳ್ಳಿಯಲ್ಲಿ ಶಿಬಿರ ಹೂಡಿ ರಸ್ತೆ ಗುಡಿಸಿ, ಗಿಡ ನೆಟ್ಟು, ಸಂಜೆ ನಾಟಕ ಆಡಿ ಬರುತ್ತಾರೆ. ಆ ಏಳು ದಿನದಲ್ಲಿ ಒಂದು ದಿನ, ಎರಡು ವರ್ಷ ಮುಚ್ಚಿಟ್ಟ ಗುಂಡಿಯೊಂದನ್ನು ಊರವರೆದುರು ತೆರೆದು ಗೊಬ್ಬರ ತೆಗೆದು ತೋರಿಸಲಿ. ಅದನ್ನು ಹೊರಲು ಯಾವ ಕೇರಿಗೂ ಹೇಳಿ ಕಳಿಸದಿರಲಿ.

ನಮ್ಮ ಸೀಮೆಗೆ ದೊಡ್ಡ ಸಂದರ್ಭಗಳೂ ಇವೆ. ಭಾರತ ಹುಣ್ಣಿಮೆಯ ಸುತ್ತ ಮೈಲಾರದಲ್ಲಿ ಕಾರಣಿಕ ಕೇಳಲು ಲಕ್ಷಗಟ್ಟಲೆ ಜನ ತುಂಗಭದ್ರೆಯ ದಂಡೆಗೆ ಬರುತ್ತಾರೆ. ಅದೇ ಹುಣ್ಣಿಮೆಗೆ ಉಚ್ಚಂಗಿದುರ್ಗಕ್ಕೆ ಜನ ಬಂಡಿ ಕಟ್ಟುತ್ತಾರೆ. ಕೆಲವೇ ದಿನಕ್ಕೆ ಕೊಟ್ಟೂರಿನ ತೇರು, ದೂರದೂರದಿಂದ ಪಾದಯಾತ್ರೆ. ದಾರಿಯುದ್ದಕ್ಕೂ ಅನ್ನ, ಮಜ್ಜಿಗೆ, ಔಷಧಿ ಕೊಡುವ ಭಕ್ತರಿಗೆ ಲೆಕ್ಕವಿಲ್ಲ. ಕಾಲು ಒತ್ತುವವರೂ ಇದ್ದಾರೆ. ಜಾತ್ರೆ ಮುಗಿದ ಮರುದಿನ ಹೊಳೆದಂಡೆ, ಹೊಲದ ಬದುಗಳು ಹೇಗಿರುತ್ತವೆ ಎಂದು ಅಲ್ಲಿನ ರೈತರನ್ನು ಕೇಳಿ. ಅನ್ನದಾಸೋಹಕ್ಕೆ ಹೆಸರು ಬರೆಸಲು ಪೈಪೋಟಿ ಮಾಡುವ ನಮ್ಮಲ್ಲಿ ಶೌಚದ ದಾಸೋಹಕ್ಕೆ ಹೆಸರು ಕೊಡುವವರು ಇನ್ನೂ ಹುಟ್ಟಬೇಕಾಗಿದೆ. ಬೆಳಗಾವಿಯಲ್ಲಿ ನೂರು ವರ್ಷದ ಹಿಂದೆ ಆದದ್ದು ಮೈಲಾರದಲ್ಲಿ ಈಗ ಆಗಬಾರದೆಂದೇನಿಲ್ಲ.

ಸೇವೆಗಾಗಿ ಪರದೇಶಕ್ಕೆ ಹೋಗಬೇಕೆಂದು ನಮ್ಮ ಮಕ್ಕಳಿಗೂ ಈಗ ಆಸೆ ಇದೆ. ಹೋಗಲಿ, ಕಲಿತು ಬರಲಿ. ಆದರೆ ಹೋಗುವ ಮೊದಲು ತಮ್ಮ ಮನೆಯ ಹಿತ್ತಲಿಗೆ ಒಮ್ಮೆ ಹೋಗಿ ಬರಲಿ. ಗುಂಡಿ ಎರಡಿವೆಯೇ, ನಡುವಿನ ತೊಟ್ಟಿಯಲ್ಲಿ ಇಟ್ಟಿಗೆ ಯಾವ ಕಡೆ ಇದೆ, ಮುಚ್ಚಿದ ಗುಂಡಿಗೆ ಎಷ್ಟು ವರ್ಷವಾಯಿತು ಎಂದು ನೋಡಲಿ. ಎರಡು ವರ್ಷ ಕಳೆದಿದ್ದರೆ ಮುಂಗಾರಿಗೆ ಮೊದಲು ಸಲಿಕೆ ತೆಗೆದುಕೊಂಡು ಗೊಬ್ಬರವನ್ನು ತಾವೇ ಹೊಲಕ್ಕೆ ಸಾಗಿಸಲಿ. ಬೀದಿಯವರು ನಾಲ್ಕು ದಿನ ಆಡಿಕೊಳ್ಳುತ್ತಾರೆ. ಐದನೆಯ ದಿನ ಯಾರಾದರೂ ಒಬ್ಬರು ಬಂದು “ನಮ್ಮ ಗುಂಡೀದು ಹೆಂಗ ನೋಡೋದು?” ಎಂದು ಕೇಳುತ್ತಾರೆ. ಆ ಒಬ್ಬರ ಜೊತೆ ಅವರ ಹಿತ್ತಲಿಗೂ ಹೋಗಿ ಬರಬೇಕು.